ಚಿಟಿಕೆ ಗೆಡೋಲಿನಿಯಂ ಬೆರೆಸಿದ ಫೆರೈಟ್: ಲ್ಯಾಬಿನಲ್ಲಿ ಮಾಡುವುದು ಹೇಗೆ?

ಲ್ಯಾಪ್‌ಟಾಪ್ ಚಾರ್ಜರಿನ ವೈರಿನಲ್ಲಿ ಒಂದು ದಪ್ಪ ಗಂಟು ಇರುತ್ತದೆ, ನೋಡಿದ್ದೀರಿ ಅಲ್ವಾ? ಅದರೊಳಗೆ ಕೂತಿರುವುದು ಫೆರೈಟ್. ಕಬ್ಬಿಣದ ಆಕ್ಸೈಡಿಗೆ ನಿಕಲ್, ಸತುವಿನಂಥ ಲೋಹ ಸೇರಿಸಿ ಸುಟ್ಟ ಕಪ್ಪು ಪಿಂಗಾಣಿ. ಅಯಸ್ಕಾಂತಕ್ಕೆ ಅಂಟುತ್ತದೆ, ಆದರೆ ಕರೆಂಟನ್ನು ಸುಲಭಕ್ಕೆ ಹರಿಯಬಿಡುವುದಿಲ್ಲ. ಗೆಡೋಲಿನಿಯಂ ಎಂಬ ರೇರ್ ಅರ್ತ್ ಧಾತುವನ್ನು ಚೂರು ಬೆರೆಸಿದರೆ ಈ ಎರಡೂ ಗುಣ ಬದಲಾಗುತ್ತವೆ. ಎಂಎಸ್ಸಿ ಪ್ರಾಜೆಕ್ಟಿಗೆ ಒಳ್ಳೆಯ ವಿಷಯ. ಮನೆಯಲ್ಲಿ ಮಾತ್ರ ಬೇಡ.

ಮೊದಲು ತೂಕ. ನಿಕಲ್ ನೈಟ್ರೇಟ್ 1.45 ಗ್ರಾಂ, ಸತುವಿನ ನೈಟ್ರೇಟ್ 1.49, ಕಬ್ಬಿಣದ ನೈಟ್ರೇಟ್ 7.88, ಗೆಡೋಲಿನಿಯಂ ನೈಟ್ರೇಟ್ 0.23, ಸಿಟ್ರಿಕ್ ಆಮ್ಲ 6.3 ಗ್ರಾಂ. ಎಲ್ಲವೂ ಅಂಗಡಿಯಲ್ಲಿ ಸಿಗುವ, ನೀರಿನಂಶವಿರುವ ಹರಳಿನ ಲೆಕ್ಕ. ಕೊನೆಗೆ ಸಿಗುವ ಪುಡಿ 2.4 ಗ್ರಾಂ ಅಷ್ಟೆ. ಕಬ್ಬಿಣದ ನೈಟ್ರೇಟ್ ಗಾಳಿಯ ತೇವ ಕುಡಿದು ಅಂಟಂಟಾಗುತ್ತದೆ. ಬೇಗ ತೂಗಿ, ಬಾಟಲಿ ಮುಚ್ಚಿ. ಗೆಡೋಲಿನಿಯಂ ಇಲ್ಲದ ಮಾದರಿಯನ್ನೂ ಜೊತೆಗೇ ಮಾಡಿ. ಅದಕ್ಕೆ ಕಬ್ಬಿಣದ ನೈಟ್ರೇಟ್ 8.08 ಗ್ರಾಂ.

ಎಲ್ಲವನ್ನೂ ಶುದ್ಧ ನೀರಿನಲ್ಲಿ ಕರಗಿಸಿ. ಪಿಎಚ್ 7 ಆಗುವವರೆಗೆ ಅಮೋನಿಯಾ ಹನಿಹನಿಯಾಗಿ ಬಿಡಿ. 80 ಡಿಗ್ರಿಯಲ್ಲಿ ಕಲಕುತ್ತಿರಿ. ನೀರು ಆರಿದಂತೆ ದ್ರವ ಬೆಲ್ಲದ ಪಾಕದ ಹಾಗೆ ಎಳೆ ಬಿಡುತ್ತದೆ.

ಇನ್ನು ಬೆಂಕಿಯ ಹೊತ್ತು. ಬೀಕರ್ ದೊಡ್ಡದಿರಲಿ, ಫ್ಯೂಮ್ ಹುಡ್‌ನ (ಹೊಗೆ ಹೀರುವ ಗೂಡು) ಗಾಜು ಇಳಿದಿರಲಿ, ಕನ್ನಡಕ ಕಡ್ಡಾಯ. ಶಾಖ 200 ಡಿಗ್ರಿ ದಾಟಿಸಿ. ಪಾಕ ಉಬ್ಬುತ್ತದೆ, ಕಂದು ಹೊಗೆ ಏಳುತ್ತದೆ. ಒಂದು ಮೂಲೆಯಲ್ಲಿ ಕಿಡಿ ಹತ್ತಿ ನಿಧಾನ ಹರಿದಾಡುತ್ತದೆ. ದೀಪಾವಳಿಯ ಹಾವಿನ ಮಾತ್ರೆಯಂತೆ ಹಗುರ, ಪೊಳ್ಳು ಬೂದಿ ಮೇಲೇಳುತ್ತದೆ. ಸಿಟ್ರಿಕ್ ಆಮ್ಲವೇ ಸೌದೆ, ನೈಟ್ರೇಟೇ ಅದಕ್ಕೆ ಆಮ್ಲಜನಕ. ಹೀಗೆ ದ್ರಾವಣವನ್ನು ಉರಿಸಿ ಆಕ್ಸೈಡ್ ಪಡೆಯುವ ವಿದ್ಯೆಯನ್ನು ಬೆಳೆಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ.ಸಿ. ಪಾಟೀಲರು ಮುಖ್ಯರು. 1988ರಲ್ಲಿ ಅವರೂ ಸಹಸಂಶೋಧಕ ಕಿಂಗ್ಸ್ಲಿಯೂ ಯೂರಿಯಾವನ್ನೇ ಸೌದೆ ಮಾಡಿಕೊಂಡು, 500 ಡಿಗ್ರಿ ಕುಲುಮೆಯಲ್ಲಿ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ತಯಾರಿಸಿ ತೋರಿಸಿದರು.

ಬೂದಿಯನ್ನು ಅರೆದು 800 ಡಿಗ್ರಿಯಲ್ಲಿ ನಾಲ್ಕು ಗಂಟೆ ಸುಡಿ. ಆಮೇಲೆ ಹರಳಿನ ಒಳರಚನೆ ನೋಡಲು ಎಕ್ಸ್‌ರೇ ಪರೀಕ್ಷೆ. ಗೆಡೋಲಿನಿಯಂ ಅಯಾನಿನ ತ್ರಿಜ್ಯ 0.94 ಆಂಗ್‌ಸ್ಟ್ರಾಮ್, ಕಬ್ಬಿಣದ್ದು 0.645. ಕಬ್ಬಿಣದ ಜಾಗದಲ್ಲಿ ಗೆಡೋಲಿನಿಯಂ ಇಡುವುದೆಂದರೆ ಚಿಕ್ಕ ಕುರ್ಚಿಯಲ್ಲಿ ದೊಡ್ಡವರನ್ನು ಕೂರಿಸಿದಂತೆ. ಜಾಸ್ತಿ ಹಾಕಿದರೆ ಒಳಗೆ ಹಿಡಿಸದೆ ಬೇರೆಯೇ ಆಕ್ಸೈಡಾಗಿ ಹೊರಗುಳಿಯುತ್ತದೆ. ಗ್ರಾಫಿನಲ್ಲಿ ಬೇಡದ ಗೆರೆ ಕಂಡರೆ ಅದೇ ಕಾರಣವಿರಬಹುದು. ಪ್ರಮಾಣ ಇಳಿಸಿ.

ಪುಡಿಗೆ ಪಿವಿಎ ಅಂಟು ಎರಡು ಹನಿ ಹಾಕಿ ಬಿಲ್ಲೆ ಒತ್ತಿ. 1100 ಡಿಗ್ರಿಯಲ್ಲಿ ಸುಟ್ಟು, ಎರಡೂ ಮುಖಕ್ಕೆ ಬೆಳ್ಳಿ ಪೇಸ್ಟ್ ಬಳಿದು, ಕರೆಂಟಿಗೆ ಬಿಲ್ಲೆ ಒಡ್ಡುವ ರೋಧ ಅಳೆಯಲು ಎಲ್‌ಸಿಆರ್ ಮೀಟರಿಗೆ ಕೊಡಿ. ಫೆರೈಟಿನಲ್ಲಿ ಎಲೆಕ್ಟ್ರಾನು ಒಂದು ಕಬ್ಬಿಣದ ಅಯಾನಿನಿಂದ ಪಕ್ಕದ್ದಕ್ಕೆ ಜಿಗಿದು ಕರೆಂಟ್ ಸಾಗಿಸುತ್ತದೆ. ನಡುವೆ ಗೆಡೋಲಿನಿಯಂ ಬಂದರೆ ಆ ಜಿಗಿತ ತಪ್ಪುತ್ತದೆ, ರೋಧ ಸಾಮಾನ್ಯವಾಗಿ ಏರುತ್ತದೆ. ಆದರೆ ಬಿಲ್ಲೆಯಲ್ಲಿ ತೂತುಗಳಿದ್ದರೂ ರೋಧ ಏರುತ್ತದೆ! ಸಾಂದ್ರತೆ ಅಳೆಯದೆ ಸುಮ್ನೆ ಗೆಡೋಲಿನಿಯಂಗೆ ಶ್ರೇಯಸ್ಸು ಕೊಡಬೇಡಿ.

ಕೊನೆಗೆ ಉಳಿದ ಪುಡಿಯನ್ನು ಕಾಂತತೆ ಅಳೆಯುವ ವಿಎಸ್‌ಎಂ ಯಂತ್ರಕ್ಕೆ ಕೊಡಿ. ಗೆಡೋಲಿನಿಯಂ ಅಯಾನಿನಲ್ಲಿ ಜೋಡಿಯಿಲ್ಲದ 7 ಒಂಟಿ ಎಲೆಕ್ಟ್ರಾನುಗಳಿವೆ, ಹಾಗಾಗಿ ಕಾಂತತೆ ಹೆಚ್ಚಬೇಕು ಅನಿಸುತ್ತದೆ. ಆದರೆ ಅವು ಪರಮಾಣುವಿನ ಒಳಪದರದಲ್ಲಿ ಅಡಗಿವೆ. ಕೋಣೆಯ ಶಾಖದಲ್ಲಿ ಪಕ್ಕದ ಕಬ್ಬಿಣದ ಜೊತೆ ಅವುಗಳ ಹಿಡಿತ ಸಡಿಲ. ಅದಕ್ಕೇ ಎರಡು ಮಾದರಿಗಳ ಗ್ರಾಫ್ ಒಂದರ ಮೇಲೊಂದು ಇಟ್ಟರೆ ಬೆರಕೆಯದ್ದೇ ಹೆಚ್ಚಾಗಿ ಕೆಳಗಿರುತ್ತದೆ.