ಮಳೆ, ಗಾಳಿ ಅಂತ ವಾಕಿಂಗು, ಗಿಡ ಬಿಡಬೇಡಿ

ಇಂಗ್ಲೆಂಡಿಗೆ ಹೊಸದಾಗಿ ಬಂದಿರುವ ನಮ್ಮವರಿಗೆ ಒಂದು ಸಲಹೆ. ಅಕ್ಟೋಬರ್ ಬಂತು ಅಂದರೆ ಮಳೆ, ಗಾಳಿ ಒಟ್ಟಿಗೆ ಶುರು. ಆದರೆ ಇಲ್ಲಿನ ಮಳೆ ಆಗುಂಬೆಯ ಹಾಗೆ ದಿನವಿಡೀ ಸುರಿಯುವುದು ಕಡಿಮೆ, ನಡುನಡುವೆ ಬಿಡುವು ಕೊಡುತ್ತದೆ, ಇಲ್ಲಿನ ಹವಾಮಾನ ಇಲಾಖೆ ಮೆಟ್ ಆಫೀಸ್‌ನ ಆ್ಯಪಿನಲ್ಲಿ ಗಂಟೆಗಂಟೆಯ ಮುನ್ಸೂಚನೆ ನೋಡಿಕೊಂಡು ಆ ಬಿಡುವಿನಲ್ಲೇ ವಾಕಿಂಗ್ ಮುಗಿಸಿ. ಛತ್ರಿ ಬೇಡ, ಗಾಳಿಗೆ ಉಲ್ಟಾ ಆಗುತ್ತದೆ. ಟೋಪಿ ಇರುವ ರೇನ್ ಜಾಕೆಟ್ ಸಾಕು. ಜೀನ್ಸ್ ಅಂತೂ ಹಾಕಲೇಬೇಡಿ, ನೆನೆದರೆ ಬೇಗ ಒಣಗುವುದಿಲ್ಲ, ಚಳಿ ಜಾಸ್ತಿ. ಒದ್ದೆ ಎಲೆ ಬಿದ್ದ ದಾರಿ ಜಾರುತ್ತದೆ, ಹುಷಾರು. ಶೂ ನೆನೆದರೆ ಒಳಗೆ ಹಳೇ ಪೇಪರ್ ತುರುಕಿ ಇಡಿ.

ಗಿಡದ ಹುಚ್ಚಿರುವವರು ಸುಮ್ನೆ ಕೂರಬೇಡಿ, ಇದು ಒಳ್ಳೇ ಕಾಲ. ಬೆಳ್ಳುಳ್ಳಿ ಎಸಳು ಈಗ ನೆಟ್ಟರೆ ಚಳಿ ತಿಂದು ಮುಂದಿನ ಬೇಸಿಗೆಗೆ ಚೆನ್ನಾಗಿ ಗಡ್ಡೆ ಕಟ್ಟುತ್ತದೆ. ಟ್ಯೂಲಿಪ್ ಗಡ್ಡೆ ನವೆಂಬರಿನಲ್ಲಿ ನೆಡಿ. ಕುಂಡಗಳನ್ನು ಗೋಡೆಯ ಪಕ್ಕ ಗುಂಪಾಗಿಟ್ಟರೆ ಗಾಳಿಗೆ ಉರುಳುವುದು ಕಡಿಮೆ.

ಅಕ್ಟೋಬರ್ ಕೊನೆಯ ಭಾನುವಾರ ಇಲ್ಲಿ ಬೇಸಿಗೆಯ ಸಮಯ ಮುಗಿದು ಇಡೀ ದೇಶದ ಗಡಿಯಾರ 1 ಗಂಟೆ ಹಿಂದೆ ಹೋಗುತ್ತದೆ, ಆಮೇಲೆ ಆಫೀಸ್ ಮುಗಿಯುವಷ್ಟರಲ್ಲಿ ಕತ್ತಲು, ಹಾಗಾಗಿ ಫೋಟೋ ತೆಗೆಯುವವರು ಊಟದ ಬಿಡುವಿನಲ್ಲೇ ಹೊರಡಿ. ವಾಪಸ್ ಬಂದಾಗ ಕ್ಯಾಮೆರಾವನ್ನು ಸ್ವಲ್ಪ ಹೊತ್ತು ಬ್ಯಾಗಿನಲ್ಲೇ ಬಿಡಿ, ಇಲ್ಲದಿದ್ದರೆ ಮನೆಯ ಬಿಸಿಗೆ ಲೆನ್ಸ್ ಮೇಲೆ ಹನಿ ಕಟ್ಟುತ್ತದೆ. ಬಿರುಗಾಳಿಯ ಎಚ್ಚರಿಕೆ ಇದ್ದ ದಿನ ಮಾತ್ರ ಮರಗಳ ಹತ್ತಿರ ಸುಳಿಯಬೇಡಿ, ಮನೆಯಲ್ಲೇ ಕೇರಂ ಆಡಿ.