ಕಾಯೆನ್ ಮೆಣಸಿನಕಾಯಿ ಬೆಳೆದು ಅಚ್ಚಖಾರದ ಪುಡಿ ಮತ್ತು ಸಾಸ್ ಮಾಡುವ ಬಗೆ

ಕೋಲಾರದ ಕಡೆ ಮೆಣಸಿನಕಾಯಿ ಬೆಳೆಯುವವರಲ್ಲಿ ಹೆಚ್ಚಿನವರು ಕಾಯಿ ಹಸಿರಾಗಿರುವಾಗಲೇ ಕಿತ್ತು ಮಂಡಿಗೆ ಕಳುಹಿಸುತ್ತಾರೆ. ಪುಡಿಗೂ ಸಾಸ್‌ಗೂ ಎಂದು ಕಾಯೆನ್ ತಳಿಯನ್ನು ಬೆಳೆಯುವವರು ಮೊದಲು ಬಿಡಬೇಕಾದದ್ದು ಈ ಅಭ್ಯಾಸವನ್ನೇ, ಏಕೆಂದರೆ ಬಣ್ಣ, ಸಿಹಿಯೊಡಗೂಡಿದ ರುಚಿ ಮತ್ತು ಬಾಳಿಕೆ ಮೂರೂ ಗಿಡದಲ್ಲೇ ಹಣ್ಣಾದ ಕಾಯಿಗೆ ಮಾತ್ರ ಬರುತ್ತವೆ. ಫ್ರೆಂಚ್ ಗಯಾನಾದ ಕಾಯೆನ್ ಪಟ್ಟಣದ ಹೆಸರಿದ್ದರೂ ಇದು ನಮ್ಮ ಬ್ಯಾಡಗಿ, ಗುಂಟೂರು ಮೆಣಸಿನಕಾಯಿಗಳ ಪ್ರಭೇದಕ್ಕೇ ಸೇರಿದ್ದು. ಖಾರವನ್ನು ಅಳೆಯುವ ಸ್ಕೋವಿಲ್ ಮಾನದಲ್ಲಿ ಇದರ ಖಾರ ಸುಮಾರು 30,000ದಿಂದ 50,000 ಇರುತ್ತದೆ. ಸಿಪ್ಪೆ ತೆಳುವಾದ್ದರಿಂದ ಬೇಗ ಒಣಗುತ್ತದೆ, ನುಣ್ಣಗೆ ಅರೆಯಲೂ ಬರುತ್ತದೆ.

ಬಿತ್ತನೆಯ ಕಾಲವನ್ನು ಒಣಗಿಸುವ ದಿನಗಳಿಂದ ಹಿಂದಕ್ಕೆ ಎಣಿಸಿ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಜೂನ್‌ನಲ್ಲಿ ಬಿತ್ತಿದರೆ ನಮ್ಮ ಜಿಲ್ಲೆಯಲ್ಲಿ ಹಿಂಗಾರು ಮಳೆ ಹಿಡಿಯುವ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲೇ ಕಾಯಿ ಕೆಂಪಾಗುತ್ತದೆ. ಆಗ ಅಂಗಳದಲ್ಲಿ ಹರಡಿದ್ದು ಒಣಗುವ ಬದಲು ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಪುಡಿಯ ಬೆಳೆಗೆ ಸೆಪ್ಟೆಂಬರ್ ಮಧ್ಯದಲ್ಲಿ ಬೀಜ ಹಾಕಿ, ಅಕ್ಟೋಬರ್ ಕೊನೆಯಲ್ಲಿ ನಾಟಿ ಮಾಡಿ, ಫೆಬ್ರವರಿ, ಮಾರ್ಚ್ ತಿಂಗಳ ಒಣ ಬಿಸಿಲಿಗೆ ಹಣ್ಣು ಸಿಗುವಂತೆ ನೋಡಿಕೊಳ್ಳಬೇಕು.

ಬೀಜವನ್ನು ಪ್ರೋಟ್ರೇಯಲ್ಲಿ (ಸಸಿ ಬೆಳೆಸುವ, ಸಣ್ಣ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆ) ತೆಂಗಿನ ನಾರಿನ ಪುಡಿ ತುಂಬಿ, ಅರ್ಧ ಸೆಂಟಿಮೀಟರ್ ಆಳಕ್ಕೆ ಹಾಕಬೇಕು. ನೀರು ಹೆಚ್ಚಾದರೆ ಸಸಿ ಬುಡದಲ್ಲೇ ಕೊಳೆತು ಬೀಳುತ್ತದೆ. 35ರಿಂದ 40 ದಿನದ ಸಸಿಯನ್ನು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿದ ಏರು ಮಡಿಗಳಲ್ಲಿ, ಸಾಲಿನಿಂದ ಸಾಲಿಗೆ 60 ಮತ್ತು ಗಿಡದಿಂದ ಗಿಡಕ್ಕೆ 45 ಸೆಂಟಿಮೀಟರ್ ಅಂತರದಲ್ಲಿ ನೆಡಬೇಕು. ಟೊಮೆಟೊ ತೆಗೆದ ಹೊಲದಲ್ಲೇ ಮೆಣಸಿನಕಾಯಿ ಇಡುವುದು ನಮ್ಮ ಭಾಗದಲ್ಲಿ ಸಾಮಾನ್ಯವಾದರೂ ಅದು ಸರಿಯಲ್ಲ: ಎರಡೂ ಒಂದೇ ಕುಟುಂಬದ ಬೆಳೆಗಳಾದ್ದರಿಂದ ಸೊರಗು ರೋಗವೂ ಬೇರುಗಂಟಿನ ಜಂತುಹುಳುವೂ ಮಣ್ಣಿನಲ್ಲಿ ಉಳಿದು ಹೊಸ ಗಿಡಕ್ಕೆ ದಾಟುತ್ತವೆ. ರಾಗಿ ಕೊಯ್ದ ಹೊಲವಾದರೆ ಚಿಂತೆ ಕಡಿಮೆ. ಕೊಳವೆಬಾವಿಯ ನೀರನ್ನೇ ನಂಬಿದವರಿಗೆ ಹನಿ ನೀರಾವರಿ ಹೇಗೂ ಬೇಕೇ ಬೇಕು. ಯೂರಿಯಾ ಅತಿಯಾದರೆ ಎಲೆ ಸೊಂಪಾಗಿ ಬಂದು ಕಾಯಿ ತಡವಾಗುತ್ತದೆ.

ಈ ಬೆಳೆಗೆ ದೊಡ್ಡ ಶತ್ರು ಎಲೆ ಮುಟುರು. ಎಲೆಯಂಚು ಮೇಲಕ್ಕೆ ಮಡಚಿದ್ದರೆ ಥ್ರಿಪ್ಸ್ ನುಸಿಯೆಂದೂ, ಕೆಳಕ್ಕೆ ಮಡಚಿದ್ದರೆ ಮೈಟ್ ನುಸಿಯೆಂದೂ ತಿಳಿಯಬಹುದು. ಎರಡಕ್ಕೂ ಔಷಧ ಬೇರೆ ಬೇರೆಯಾದ್ದರಿಂದ ಅಂಗಡಿಗೆ ಹೋಗುವ ಮೊದಲು ಎಲೆಯನ್ನು ತಿರುಗಿಸಿ ನೋಡಲೇಬೇಕು. ಹೊಲದ ಸುತ್ತ ಎರಡು ಮೂರು ಸಾಲು ಮುಸುಕಿನ ಜೋಳ ಬಿತ್ತಿದರೆ ಥ್ರಿಪ್ಸ್ ಮತ್ತು ಬಿಳಿನೊಣದ ಹಾವಳಿ ತಗ್ಗುತ್ತದೆ. ಕೀಟ ಕಾಣಿಸಿಕೊಂಡ ಮೊದಲಲ್ಲೇ, ಲೀಟರಿಗೆ 50 ಗ್ರಾಂ ಬೇವಿನ ಬೀಜದ ತಿರುಳನ್ನು ಕುಟ್ಟಿ ರಾತ್ರಿ ನೆನೆಸಿ, ಸೋಸಿ, ಸ್ವಲ್ಪ ಸೋಪು ಬೆರೆಸಿ ಸಂಜೆ ಸಿಂಪಡಿಸಬಹುದು.

ನಾಟಿಯಾದ ಎರಡೂವರೆ ಮೂರು ತಿಂಗಳಿಗೆ ಕಾಯಿ ಕೆಂಪಾಗತೊಡಗುತ್ತದೆ. ತೊಟ್ಟಿನ ಬುಡದವರೆಗೂ ಬಣ್ಣ ತುಂಬಿದ ಕಾಯಿಗಳನ್ನಷ್ಟೇ ತೊಟ್ಟಿನ ಸಮೇತ ಬಿಡಿಸಿ, ಚುಕ್ಕೆ ಬಿದ್ದವನ್ನೂ ಕೊಳೆತವನ್ನೂ ಆಗಲೇ ಬೇರ್ಪಡಿಸಬೇಕು. ಬರಿ ನೆಲದ ಮೇಲೋ ರಸ್ತೆಯ ಮೇಲೋ ಒಣಗಿಸಬಾರದು. ನೆಲದ ತೇವದಿಂದ ಹುಟ್ಟುವ ಬೂಷ್ಟಿನಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಬರಬಹುದು, ಅದು ಬೇಯಿಸಿದರೂ ಹೋಗುವುದಿಲ್ಲ. ಶುಭ್ರವಾದ ಟಾರ್ಪಾಲಿನ್ ಮೇಲೆ ತೆಳುವಾಗಿ ಹರಡಿ, ದಿನಕ್ಕೆ ಎರಡು ಮೂರು ಬಾರಿ ಕೈಯಾಡಿಸಿ, ಇಬ್ಬನಿ ಬೀಳುವ ಮೊದಲು ಒಳಗೆಳೆದುಕೊಳ್ಳಬೇಕು. ಕಾಯಿ ಮಡಚಿದರೆ ಬಾಗದೆ ಪಟ್ಟನೆ ಮುರಿದು, ಅಲುಗಿಸಿದರೆ ಒಳಗಿನ ಬೀಜ ಸದ್ದು ಮಾಡಿದರೆ ಹದ ಬಂದಿದೆ ಎಂದರ್ಥ.

ಪುಡಿಗೆ ತೊಟ್ಟು ಬಿಡಿಸಿ, ಗಿರಣಿಗೆ ಒಯ್ಯುವ ದಿನ ಇನ್ನೊಮ್ಮೆ ಬಿಸಿಲು ತೋರಿಸಿದರೆ ನುಣ್ಣಗಾಗುತ್ತದೆ. ಬರಿ ಕಾಯೆನ್ ಪುಡಿ ಮುದ್ದೆಗೆ ಮಾಡುವ ಸಾರಿಗೆ ಅತಿ ಖಾರ. ಅರ್ಧ ಭಾಗ ಬ್ಯಾಡಗಿ ಸೇರಿಸಿ ಬೀಸಿದರೆ ಬಣ್ಣವೂ ಖಾರವೂ ಹದವಾಗುತ್ತವೆಂಬುದು ನನ್ನ ಅನುಭವ. ಗಿರಣಿಯಿಂದ ತಂದ ಬಿಸಿ ಪುಡಿಯನ್ನು ಪೂರ್ತಿ ಆರಿಸಿದ ನಂತರವೇ ಡಬ್ಬಿಗೆ ತುಂಬಿ ಕತ್ತಲಲ್ಲಿಡಬೇಕು. ಬೆಳಕು ತಾಗಿದರೆ ಕೆಂಪು ಮಾಸುತ್ತದೆ.

ಸಾಸ್‌ಗೆ ಒಣಗಿದ್ದಲ್ಲ, ತಾಜಾ ಹಣ್ಣು ಬೇಕು. ಕಾಲು ಕೆಜಿ ಹಣ್ಣನ್ನು ತೊಟ್ಟು ತೆಗೆದು ಹೆಚ್ಚಿ, ಐದಾರು ಎಸಳು ಬೆಳ್ಳುಳ್ಳಿ, ಒಂದು ಚಮಚ ಉಪ್ಪು ಮತ್ತು 250 ಮಿಲಿಲೀಟರ್ ಬಿಳಿ ವಿನಿಗರ್ ಜೊತೆ ಸ್ಟೀಲ್ ಪಾತ್ರೆಯಲ್ಲಿ ಹತ್ತು ನಿಮಿಷ ಬೇಯಿಸಬೇಕು. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿ ಅದನ್ನು ತಿನ್ನುತ್ತದೆ. ಆರಿದ ಮೇಲೆ ರುಬ್ಬಿ ಸೋಸಿ, ಕುದಿನೀರಿನಲ್ಲಿ ತೊಳೆದು ಒಣಗಿಸಿದ ಗಾಜಿನ ಶೀಶೆಗೆ ತುಂಬಿ ಫ್ರಿಜ್‌ನಲ್ಲಿಡಬಹುದು. ಖಾರ ತಗ್ಗಿಸಬೇಕೆಂದರೆ ಹೆಚ್ಚುವಾಗಲೇ ಬೀಜಕ್ಕೆ ಅಂಟಿರುವ ಬಿಳಿಯ ತಿರುಳನ್ನು ಕೆರೆದು ತೆಗೆಯಬೇಕು, ಏಕೆಂದರೆ ಖಾರದ ಮೂಲವಾದ ಕ್ಯಾಪ್ಸೈಸಿನ್ ಹೆಚ್ಚಾಗಿರುವುದು ಅಲ್ಲಿಯೇ. ಅದು ನೀರಿನಲ್ಲಿ ಕರಗುವುದಿಲ್ಲ. ಕೈ ಉರಿದರೆ ಮೊದಲು ಅಡುಗೆ ಎಣ್ಣೆ ಸವರಿ ಉಜ್ಜಿ, ಆಮೇಲೆ ಸೋಪಿನಿಂದ ತೊಳೆಯಬೇಕು.