ಸಿಪಿಟಿ ಕೈಗೆ ಬರೋವರೆಗೂ ಲ್ಯಾಪ್‌ಟಾಪ್ ಮುಟ್ಟಬೇಡಿ

ಫೆಬ್ರುವರಿ, ಮಾರ್ಚ್ ಬಂತೆಂದರೆ ನನ್ನ ಫೋನ್ ಬಡಿದುಕೊಳ್ಳಲು ಶುರುವಾಗುತ್ತದೆ. ಯಾರದೋ ಚಿಕ್ಕಪ್ಪನ ಮಗ, ಯಾರದೋ ನಾದಿನಿಯ ಕ್ಲಾಸ್‌ಮೇಟ್, ಅಮೆರಿಕಕ್ಕೆ ಎಂ.ಎಸ್. ಮಾಡಲು ಬಂದು ಆರೇಳು ತಿಂಗಳಾದವರು. "ಅಂಕಲ್, ಇಂಟರ್ನ್‌ಶಿಪ್ ಸಿಕ್ತು. ಸಿಪಿಟಿ ಬಗ್ಗೆ ಸ್ವಲ್ಪ ಹೇಳ್ತೀರಾ?" ನಾನು ಕೇಳುವ ಮೊದಲ ಪ್ರಶ್ನೆ ಪ್ರತಿವರ್ಷವೂ ಒಂದೇ: ನಿಮ್ಮ ಡಿಎಸ್‌ಒ, ಅಂದರೆ ಯೂನಿವರ್ಸಿಟಿಯಲ್ಲಿ ವಿದೇಶಿ ವಿದ್ಯಾರ್ಥಿಗಳ ಕಾಗದಪತ್ರ ನೋಡಿಕೊಳ್ಳುವ ಅಧಿಕಾರಿಯ ಹತ್ತಿರ ಹೋಗಿ ಕೇಳಿದ್ರಾ? ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ, "ಇಲ್ಲ ಅಂಕಲ್, ಮೊದಲು ನಿಮ್ಮನ್ನ ಕೇಳೋಣ ಅಂತ..."

ಬೈಯಬೇಕು ಅನ್ನಿಸುತ್ತದೆ, ಬಾಯಿ ಬರುವುದಿಲ್ಲ. ನಾನೂ ಹಾಗೇ ಮಾಡಿದವನು.

ಮೊದಲು ಕಾಗದಪತ್ರದ ಮಾತು ಮುಗಿಸಿಬಿಡೋಣ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಇರುವವರು ಓದಿನ ಭಾಗವಾಗಿ ಹೊರಗಿನ ಕಂಪನಿಯಲ್ಲಿ ಕೆಲಸ ಮಾಡಲು ಬೇಕಾದ ಅನುಮತಿಯೇ ಸಿಪಿಟಿ. ಸಾಮಾನ್ಯವಾಗಿ ಒಂದು ಪೂರ್ತಿ ಶೈಕ್ಷಣಿಕ ವರ್ಷ ಓದಿರಬೇಕು. ಆಫರ್ ಲೆಟರ್ ತನ್ನಿ, ಅಡ್ವೈಸರ್ ಸಹಿ ಹಾಕಿಸಿ, ಇಂಟರ್ನ್‌ಶಿಪ್ ಕೋರ್ಸಿಗೆ ರಿಜಿಸ್ಟರ್ ಆಗಿ. ಡಿಎಸ್‌ಒ ಅದನ್ನು ಸೆವಿಸ್ ಎಂಬ ಸರ್ಕಾರದ ವಿದ್ಯಾರ್ಥಿ ದಾಖಲೆಯ ಸಿಸ್ಟಮ್ಮಿನಲ್ಲಿ ಹಾಕಿ, ಹೊಸ ಐ-20 (ವಿದ್ಯಾರ್ಥಿ ಎಂಬುದಕ್ಕೆ ಯೂನಿವರ್ಸಿಟಿ ಕೊಡುವ ಪತ್ರ) ಕೊಡುತ್ತಾರೆ. ಸರ್ಕಾರಕ್ಕೆ ಫೀಸಿಲ್ಲ, ಬೇರೆ ಕಾರ್ಡೂ ಬರುವುದಿಲ್ಲ. ಕೋರ್ಸಿನ ಕ್ರೆಡಿಟ್ಟಿಗೆ ಯೂನಿವರ್ಸಿಟಿ ದುಡ್ಡು ಕೇಳಬಹುದು. ಐ-20ಯ ಎರಡನೇ ಪುಟದಲ್ಲಿ ಕಂಪನಿಯ ಹೆಸರು, ಪೂರ್ಣಾವಧಿಯೋ ಅರೆಕಾಲಿಕವೋ, ಶುರುವಾಗುವ ದಿನ, ಮುಗಿಯುವ ದಿನ ಅಚ್ಚಾಗಿರುತ್ತವೆ. ಆ ಎರಡು ತಾರೀಖುಗಳ ಬಗ್ಗೆಯೇ ನನಗೆ ಹೇಳಬೇಕಾದದ್ದು ಇರುವುದು.

ನಾನು ಬಂದದ್ದು 2003ರ ಆಗಸ್ಟ್‌ನಲ್ಲಿ, ಟೆಕ್ಸಾಸ್‌ಗೆ. ಒಂದೇ ಅಪಾರ್ಟ್‌ಮೆಂಟಿನಲ್ಲಿ ಐದು ಜನ, ಅದರಲ್ಲಿ ಮೂವರು ಕನ್ನಡದವರು. ನಮಗಿಂತ ಎರಡು ವರ್ಷ ಮೊದಲು ಬಂದ ಹಾಸನದ ಕಡೆಯ ಅಣ್ಣನೊಬ್ಬನೇ ನಮ್ಮ ಪಾಲಿಗೆ ವಕೀಲ, ಆಡಿಟರ್, ಡಾಕ್ಟರ್ ಎಲ್ಲ. ಮುಂದಿನ ಬೇಸಿಗೆಯಲ್ಲಿ ನನಗೆ ಇಂಟರ್ನ್‌ಶಿಪ್ ಸಿಕ್ಕಿತು. ಐ-20ಯಲ್ಲಿ ಕೊನೆಯ ದಿನ 2004ರ ಆಗಸ್ಟ್ 13, ಶುಕ್ರವಾರ. ಬುಧವಾರ ಮ್ಯಾನೇಜರ್ ನನ್ನ ಟೇಬಲ್ ಹತ್ತಿರ ಬಂದು, "ಡೆಮೋ ಮುಂದಿನ ಗುರುವಾರಕ್ಕೆ ಹೋಯಿತು, ಅಲ್ಲಿಯವರೆಗೆ ಇರಲು ಆಗುತ್ತಾ?" ಎಂದು ಕೇಳಿದ. ಆಗುತ್ತೆ ಅಂದೆ. ಆಗುವುದಿಲ್ಲ ಅಂತ ಮೇಲಿನವರಿಗೆ ಹೇಳುವುದನ್ನು ನಮಗೆ ಯಾವ ಶಾಲೆಯಲ್ಲಿ ಕಲಿಸಿದ್ದರು?

ರಾತ್ರಿ ಅಣ್ಣನನ್ನು ಕೇಳಿದೆ. ಅವನು ಅನ್ನಕ್ಕೆ ಮೊಸರು ಕಲಸುತ್ತಿದ್ದ. ತಲೆ ಎತ್ತದೆ, "ನಾಲ್ಕು ದಿನ ತಾನೆ, ಯಾರು ನೋಡ್ತಾರೆ, ಹೋಗು" ಅಂದ. ಹೋದೆ. ಸೋಮವಾರ, ಮಂಗಳವಾರ, ಬುಧವಾರ, ಗುರುವಾರ. ಡೆಮೋ ಚೆನ್ನಾಗಿ ಆಯಿತು, ಕೇಕ್ ಕತ್ತರಿಸಿದರು, ಆ ನಾಲ್ಕು ದಿನದ ಸಂಬಳವೂ ಬಂತು.

ಶುಕ್ರವಾರ ಯಾಕೋ ಹೊಟ್ಟೆಯಲ್ಲಿ ಸಂಕಟ. ಇಂಟರ್‌ನ್ಯಾಷನಲ್ ಆಫೀಸಿಗೆ ಹೋದೆ. ಅಲ್ಲಿದ್ದ ಡಿಎಸ್‌ಒ ಅರವತ್ತರ ಹತ್ತಿರದ ಹೆಂಗಸು, ಕನ್ನಡಕಕ್ಕೆ ಮಣಿಸರ ಕಟ್ಟಿಕೊಂಡಿದ್ದರು. ಬಾಗಿಲು ತೆರೆದೇ ಇತ್ತು. "ನನ್ನ ಫ್ರೆಂಡ್ ಒಬ್ಬ ಇದ್ದಾನೆ" ಅಂತ ಶುರು ಮಾಡಿದೆ. ಪೂರ್ತಿ ಕೇಳಿಸಿಕೊಂಡರು. ಕನ್ನಡಕ ತೆಗೆದು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ, "ನಿನ್ನ ಫ್ರೆಂಡ್ ಹೋದ ಗುರುವಾರ ನನಗೊಂದು ಫೋನ್ ಮಾಡಿದ್ದರೆ ತಾರೀಖು ಮುಂದಕ್ಕೆ ಹಾಕುವುದು ಹತ್ತು ನಿಮಿಷದ ಕೆಲಸ. ಈಗ ನಾನು ಅದನ್ನು ಮುಟ್ಟಲು ಆಗುವುದಿಲ್ಲ. ಹಿಂದಿನ ತಾರೀಖು ಹಾಕಲು ಈ ಸಿಸ್ಟಮ್ಮಿನಲ್ಲಿ ಜಾಗವೇ ಇಲ್ಲ" ಅಂದರು. ಫ್ರೆಂಡಿನ ಹೆಸರು ಕೇಳಲಿಲ್ಲ. ಆ ದಯೆಗೆ ಇವತ್ತಿಗೂ ಋಣಿ.

ಹತ್ತು ನಿಮಿಷ! ಯಾಕೆ ಹೋಗಲಿಲ್ಲ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ನಮ್ಮ ತಲೆಯಲ್ಲಿ ಆಫೀಸು ಅಂದರೆ ತಾಲ್ಲೂಕು ಕಚೇರಿ. ಆದಾಯ ಪ್ರಮಾಣಪತ್ರಕ್ಕೆ ಅಪ್ಪನ ಜೊತೆ ಮೂರು ಸಲ ಅಲೆದವನು ನಾನು. ಸಾಹೇಬರು ಊಟಕ್ಕೆ ಹೋಗಿದ್ದಾರೆ, ಸಾಹೇಬರು ಮೀಟಿಂಗಿನಲ್ಲಿದ್ದಾರೆ, ನಾಳೆ ಬನ್ನಿ. ಕಿಟಕಿಯ ಆ ಕಡೆ ಇರುವವನಿಗೆ ಎಷ್ಟು ಕಡಿಮೆ ಗೊತ್ತಾದರೆ ಅಷ್ಟು ಒಳ್ಳೆಯದು, ಪರಿಚಯದವರನ್ನು ಹಿಡಿದರೆ ಮಾತ್ರ ಕೆಲಸ ಎಂದು ಕಲಿತೇ ವಿಮಾನ ಹತ್ತಿದ್ದೆವು. ಆ ಕಲಿಕೆ ಅಲ್ಲಿ ತಪ್ಪೇನೂ ಆಗಿರಲಿಲ್ಲ. ಇಲ್ಲಿ ನಮಗೆ ಸಹಾಯ ಮಾಡಲೆಂದೇ ಸಂಬಳ ತೆಗೆದುಕೊಳ್ಳುವ ಹೆಂಗಸು ಬಾಗಿಲು ತೆಗೆದಿಟ್ಟುಕೊಂಡು ಕೂತಿದ್ದರೆ, ನಾವು ಮೊಸರನ್ನದ ಅಣ್ಣನನ್ನು ಕೇಳಿಕೊಂಡು ಕೂತೆವು.

ಆ ನಾಲ್ಕು ದಿನ ಹದಿನಾರು ವರ್ಷ ನನ್ನ ಜೊತೆ ಬಂದವು. 2020ರ ಅಕ್ಟೋಬರ್‌ನಲ್ಲಿ, ಒಂಬತ್ತು ವರ್ಷ ಕ್ಯೂನಲ್ಲಿ ನಿಂತ ಮೇಲೆ, ಗ್ರೀನ್ ಕಾರ್ಡಿನ ಐ-485 ಅರ್ಜಿ ತುಂಬಲು ಕೂತೆ. ಅದರಲ್ಲೊಂದು ಪ್ರಶ್ನೆ: ಅಮೆರಿಕದಲ್ಲಿ ಯಾವತ್ತಾದರೂ ಅನುಮತಿ ಇಲ್ಲದೆ ಕೆಲಸ ಮಾಡಿದ್ದೀರಾ? ಹೆಂಡತಿಗೂ ಹೇಳಿರಲಿಲ್ಲ. ಪಕ್ಕದಲ್ಲಿ ಕಾಫಿ ಹಿಡಿದು ನಿಂತಿದ್ದವಳು, "ಇಲ್ಲ ಅಂತ ಟಿಕ್ ಮಾಡಿ, ಏನು ಯೋಚನೆ?" ಅಂದಳು. ಕೊನೆಗೆ ವಕೀಲರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಉದ್ಯೋಗದ ಮೇಲೆ ಬರುವ ಗ್ರೀನ್ ಕಾರ್ಡಿನಲ್ಲಿ, ಕೊನೆಯ ಸಲ ದೇಶದೊಳಗೆ ಬಂದ ಮೇಲಿನ ಇಂಥ ತಪ್ಪು 180 ದಿನ ಮೀರದಿದ್ದರೆ ಕಾನೂನಿನಲ್ಲೇ ಒಂದು ಮಾಫಿ ಇದೆ. ನನ್ನದು ಆ ಮಾಫಿಯಲ್ಲಿ ಪಾರಾಯಿತು. ಹೌದು ಎಂದೇ ಟಿಕ್ ಮಾಡಿ, ಒಂದು ಪುಟದ ವಿವರಣೆ ಲಗತ್ತಿಸಿದೆವು.

ಓಹೋ 180 ದಿನ ಇದೆಯಲ್ಲ ಎಂದು ಯಾರೂ ಲೆಕ್ಕ ಹಾಕಬೇಡಿ. ಆ ಮಾಫಿ ಬರುವುದು ಗ್ರೀನ್ ಕಾರ್ಡಿನ ಕೊನೇ ಹಂತದಲ್ಲಿ. ವಿದ್ಯಾರ್ಥಿಯಾಗಿದ್ದಾಗ ಅನುಮತಿಯಿಲ್ಲದೆ ಕೆಲಸ ಮಾಡಿ ಸಿಕ್ಕಿಬಿದ್ದರೆ ವಿದ್ಯಾರ್ಥಿಯಾಗಿ ಇಲ್ಲಿರುವ ಸ್ಟೇಟಸ್ಸೇ ಹೋಗುತ್ತದೆ, ಅದನ್ನು ಮತ್ತೆ ಕೊಡಿ ಎಂದು ಕೇಳುವ ಅರ್ಹತೆಯೂ ಹೋಗುತ್ತದೆ. ಒಂದು ದಿನ ಮೊದಲು ಟ್ರೇನಿಂಗಿಗೆ ಬಾ ಅಂದರೆ, ಈಗಲೇ ಕೋಡ್ ನೋಡಿಕೋ ಅಂದರೆ, ನನ್ನ ಸಿಪಿಟಿ ಸೋಮವಾರದಿಂದ ಎಂದು ಹೇಳಿ. ಕಂಪನಿಯವರು ಬೇಸರ ಮಾಡಿಕೊಳ್ಳುವುದಿಲ್ಲ. ಅವರಿಗೆ ನಿಮ್ಮ ನಿಯಮ ಗೊತ್ತಿರುವುದಿಲ್ಲ, ಅಷ್ಟೇ.

ಇನ್ನೊಂದು ಲೆಕ್ಕ: ಪೂರ್ಣಾವಧಿ ಸಿಪಿಟಿ ಹನ್ನೆರಡು ತಿಂಗಳು ತುಂಬಿದರೆ ಅದೇ ಡಿಗ್ರಿಯ ಮೇಲೆ ಸಿಗಬೇಕಾದ ಓಪಿಟಿ, ಅಂದರೆ ಓದು ಮುಗಿದ ಮೇಲೆ ಕೆಲಸ ಮಾಡುವ ಅನುಮತಿ, ಪೂರ್ತಿ ಕೈಬಿಟ್ಟುಹೋಗುತ್ತದೆ. ವಾರಕ್ಕೆ ಇಪ್ಪತ್ತು ಗಂಟೆಯೊಳಗಿನ ಅರೆಕಾಲಿಕ ಸಿಪಿಟಿ ಈ ಲೆಕ್ಕಕ್ಕೆ ಬರುವುದಿಲ್ಲ. ದುಡ್ಡಿನ ಆಸೆಗೆ ಹನ್ನೊಂದು ತಿಂಗಳ ಮೇಲೆ ಇಪ್ಪತ್ತೆಂಟು ದಿನ ಮಾಡುವ ಜಾಣರನ್ನೂ ನೋಡಿದ್ದೇನೆ. ನನಗೆ ಅಷ್ಟು ಗುಂಡಿಗೆ ಇಲ್ಲ.

ಕ್ಲಾಸಿಗೆ ಹೋಗಬೇಕಿಲ್ಲ, ಫೀಸು ಕಟ್ಟಿ, ಮೊದಲ ದಿನದಿಂದಲೇ ಸಿಪಿಟಿ ಕೊಡುತ್ತೇವೆ ಎನ್ನುವವರು ಬಂದರೆ ಅಲ್ಲಿಂದ ಕಾಲ್ತೆಗೆಯಿರಿ. ಮಿಷಿಗನ್‌ನ ಫಾರ್ಮಿಂಗ್ಟನ್ ಯೂನಿವರ್ಸಿಟಿ ಎಂಬುದನ್ನು ನೆನಪಿಟ್ಟುಕೊಳ್ಳಿ. ಮೇಷ್ಟ್ರೂ ಇಲ್ಲದ, ಕ್ಲಾಸೂ ಇಲ್ಲದ ಆ ಯೂನಿವರ್ಸಿಟಿಯನ್ನು ನಡೆಸುತ್ತಿದ್ದುದು ಅಮೆರಿಕ ಸರ್ಕಾರದ ಅಧಿಕಾರಿಗಳೇ, ಬಲೆ ಬೀಸಲು. 2019ರ ಜನವರಿಯಲ್ಲಿ 130 ವಿದ್ಯಾರ್ಥಿಗಳನ್ನು ಹಿಡಿದರು, ಅವರಲ್ಲಿ 129 ಜನ ನಮ್ಮ ದೇಶದ ಮಕ್ಕಳು. ಸರ್ಕಾರ ಮಾಡಿದ್ದು ಸರಿಯೋ ತಪ್ಪೋ ಎಂದು ಇಲ್ಲಿ ಇನ್ನೂ ಜಗಳವಾಡುತ್ತಾರೆ. ಆ ಮಕ್ಕಳು ಯಾರದೋ ಪರಿಚಯದವರ ಮಾತು ಕೇಳಿ ಸೇರಿರುತ್ತಾರೆ ಎಂದು ನನಗೆ ಅನ್ನಿಸುತ್ತದೆ.

ಸಂಬಳದ ಚೀಟಿ ಬಂದಾಗ ಒಂದು ಸಲ ಕಣ್ಣಾಡಿಸಿ. ಎಫ್-1ನವರಿಗೆ ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ಸೋಷಿಯಲ್ ಸೆಕ್ಯುರಿಟಿ (ಪಿಂಚಣಿ), ಮೆಡಿಕೇರ್ (ಹಿರಿಯರ ಆರೋಗ್ಯ ವಿಮೆ) ತೆರಿಗೆ ಸೇರಿ 7.65 ಶೇಕಡ ಕಡಿತ ಇಲ್ಲ. ಗೊತ್ತಿಲ್ಲದೆ ಹಿಡಿದುಕೊಳ್ಳುವ ಕಂಪನಿಗಳು ಬೇಕಾದಷ್ಟಿವೆ. ಕೇಳಿದರೆ ವಾಪಸ್ ಕೊಡುತ್ತಾರೆ. ನಾನು ಕೇಳಲಿಲ್ಲ, ಕೊಟ್ಟ ಸಂಬಳಕ್ಕೇ ಕೃತಜ್ಞನಾಗಿದ್ದೆ. ಟ್ಯಾಕ್ಸ್ ಅನ್ನು ಅನಿವಾಸಿಗಳ ಫಾರಂ ಆದ 1040-ಎನ್‌ಆರ್‌ನಲ್ಲಿ ತುಂಬಿ. ಭಾರತದ ವಿದ್ಯಾರ್ಥಿಗಳಿಗೆ ಎರಡು ದೇಶಗಳ ಒಪ್ಪಂದದ ಪ್ರಕಾರ ಸ್ಟ್ಯಾಂಡರ್ಡ್ ಡಿಡಕ್ಷನ್ (ತೆರಿಗೆ ಲೆಕ್ಕಕ್ಕೆ ಮೊದಲು ಆದಾಯದಿಂದ ಕಳೆಯುವ ನಿಗದಿತ ಮೊತ್ತ) ಸಿಗುತ್ತದೆ, ಬಿಡಬೇಡಿ.

ಓಪಿಟಿಯದು ಬೇರೆಯೇ ಕಥೆ. ಓದು ಮುಗಿಯುವ 90 ದಿನ ಮೊದಲಿನಿಂದ, ಮುಗಿದ 60 ದಿನದವರೆಗೆ ಅರ್ಜಿ ಹಾಕಬಹುದು. ನನ್ನ ಬುದ್ಧಿ ಕೇಳುವುದಾದರೆ ಮೊದಲನೇ ವಾರವೇ ಹಾಕಿ. ಇದಕ್ಕೆ ಇಎಡಿ ಎಂಬ ಕೆಲಸದ ಅನುಮತಿಯ ಕಾರ್ಡ್ ಅಂಚೆಯಲ್ಲಿ ಬರುತ್ತದೆ, ಕಾರ್ಡ್ ಬಾರದೆ ಕೆಲಸ ಇಲ್ಲ. 2005ರ ಜುಲೈ ಕೊನೆಗೆ ನಮ್ಮ ಅಪಾರ್ಟ್‌ಮೆಂಟಿನ ಲೀಸ್ ಮುಗಿಯಿತು. ನಾನು ಪೋಸ್ಟ್ ಆಫೀಸಿಗೆ ಹೊಸ ವಿಳಾಸ ಕೊಟ್ಟು ನೆಮ್ಮದಿಯಾಗಿದ್ದೆ. ಊರಲ್ಲಾದರೆ ಪೋಸ್ಟ್‌ಮ್ಯಾನ್ ಶಿವಣ್ಣ ಮನೆ ಬದಲಾಯಿಸಿದ್ದು ತಿಳಿದು ತಾನೇ ಹುಡುಕಿಕೊಂಡು ಬರುತ್ತಿದ್ದ. ಇಮಿಗ್ರೇಷನ್ ಇಲಾಖೆಯ ಕಾರ್ಡುಗಳನ್ನು ಅಂಚೆಯವರು ಹೊಸ ವಿಳಾಸಕ್ಕೆ ಕಳಿಸುವುದಿಲ್ಲ, ಹಿಂದಕ್ಕೆ ಕಳಿಸುತ್ತಾರೆ. ಇಲಾಖೆಗೇ ವಿಳಾಸ ಬದಲಾವಣೆ ತಿಳಿಸಬೇಕು, ಯೂನಿವರ್ಸಿಟಿಗೂ ಹತ್ತು ದಿನದೊಳಗೆ ತಿಳಿಸಬೇಕು. ನನ್ನ ಕಾರ್ಡ್ ಹಿಂದೆ ಹೋಯಿತು.

ಅದು ತಿರುಗಿ ಬರುವಷ್ಟರಲ್ಲಿ ಶ್ರಾವಣದಲ್ಲಿ ತಂಗಿಯ ಮದುವೆ ಮುಗಿದಿತ್ತು. ಓದು ಮುಗಿದು ಕಾರ್ಡ್ ಕೈಯಲ್ಲಿ ಇಲ್ಲದೆ ದೇಶ ಬಿಟ್ಟರೆ ವಾಪಸ್ ಬರುವುದು ಕಷ್ಟ. ಎರಡು ತಿಂಗಳಾದ ಮೇಲೆ ಕೊರಿಯರ್‌ನಲ್ಲಿ ಮೂರು ಸಿಡಿ ಬಂದವು. ಲಾಜಹೋಮದಲ್ಲಿ ಅವಳ ಬೊಗಸೆಗೆ ಅರಳು ಹಾಕಿದ ಕೈ ದೊಡ್ಡಪ್ಪನ ಮಗನದು. ಕ್ಯಾಮೆರಾದವನು ಆ ಕೈಯನ್ನೇ ತುಂಬಾ ಹೊತ್ತು ತೋರಿಸಿದ್ದಾನೆ. ತಂಗಿ ಇದರ ಬಗ್ಗೆ ಯಾವತ್ತೂ ಏನೂ ಅಂದಿಲ್ಲ. ಈಗಲೂ ಹೊಸಬರು ಅಪಾರ್ಟ್‌ಮೆಂಟ್ ಬದಲಾಯಿಸುತ್ತೇವೆ ಅಂದರೆ, ಕಾರ್ಡ್ ಬಂತಾ ಎಂದು ಮೊದಲು ಕೇಳುತ್ತೇನೆ. ಅವರಿಗೆ ವಿಚಿತ್ರ ಅನ್ನಿಸುತ್ತದೆ.

ಕಾರ್ಡ್ ಬಂದ ಮೇಲೂ ಕೆಲಸವಿಲ್ಲದ ದಿನಗಳನ್ನು ಎಣಿಸುತ್ತಾರೆ, ಒಟ್ಟು 90 ದಿನ ಮೀರುವಂತಿಲ್ಲ. ಎಂಜಿನಿಯರಿಂಗ್, ವಿಜ್ಞಾನ ಓದಿದವರಿಗೆ ಇನ್ನೂ 24 ತಿಂಗಳು ಮುಂದುವರಿಸುವ ಅವಕಾಶ ಇದೆ. ವಿವರ ನಿಮ್ಮ ಡಿಎಸ್‌ಒ ಹೇಳುತ್ತಾರೆ. ಅವರನ್ನೇ ಕೇಳಿ.

ಹೋದ ವರ್ಷ ಮೇ ತಿಂಗಳಲ್ಲಿ, ಈಗ ನಾವಿರುವ ಕ್ಯಾಲಿಫೋರ್ನಿಯಾದ ಮನೆಯಲ್ಲಿ, ಹದಿನಾರರ ಮಗಳು ಅಡುಗೆಮನೆಯ ಟೇಬಲ್ ಮೇಲೆ ಒಂದು ಕಾಗದ ಇಟ್ಟಳು. "ಅಪ್ಪಾ, ಸೈನ್ ಬೇಕು." ಮೇಲೆ ವರ್ಕ್ ಪರ್ಮಿಟ್ ಎಂದು ದಪ್ಪಕ್ಷರ. ನನ್ನ ಎದೆ ಧಸಕ್ಕೆಂದಿತು. ಇಲ್ಲೇ ಹುಟ್ಟಿದವಳಿಗೆ ಎಂಥ ವರ್ಕ್ ಪರ್ಮಿಟ್? ಈ ರಾಜ್ಯದಲ್ಲಿ ಹದಿನೆಂಟರೊಳಗಿನ ಮಕ್ಕಳು ಐಸ್‌ಕ್ರೀಮ್ ಅಂಗಡಿಯಲ್ಲಿ ದುಡಿಯಬೇಕಾದರೂ ಶಾಲೆಯಿಂದ ಪರ್ಮಿಟ್ ಬೇಕಂತೆ, ಶಾಲೆ ಇರುವ ದಿನ ಅವಳ ವಯಸ್ಸಿನವರು ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ದುಡಿಯುವಂತಿಲ್ಲವಂತೆ. ಇಷ್ಟು ವರ್ಷ ಇಲ್ಲಿದ್ದೂ ನನಗೆ ತಿಳಿದಿರಲಿಲ್ಲ.

ಕನ್ನಡಕ ಹಾಕಿಕೊಂಡು ಪ್ರತಿ ಸಾಲನ್ನೂ ಎರಡೆರಡು ಸಲ ಓದಿದೆ. ಅವಳು ಪೆನ್ನು ಹಿಡಿದು ಕಾಯುತ್ತಿದ್ದಳು.

"ಇದೆಲ್ಲ ನಿನಗೆ ಯಾರು ಹೇಳಿದ್ರು?"

"ಯಾರು ಅಂದ್ರೆ? ಆಫೀಸಿಗೆ ಹೋಗಿ ಕೇಳಿದೆ."

"ಯಾವತ್ತಿಂದ ಕೆಲಸ?"

"ಸೋಮವಾರದಿಂದ ಬಾ ಅಂದ್ರು. ಪರ್ಮಿಟ್ ಬುಧವಾರ ಕೊಡ್ತಾರಂತೆ. ಗುರುವಾರ ಬರ್ತೀನಿ ಅಂತ ಮೆಸೇಜ್ ಹಾಕ್ದೆ."

ಸಹಿ ಹಾಕಿ, ತಾರೀಖು ಬರೆದು ಕೊಟ್ಟೆ.